ದಿನದಿನದ ಕೃಪೆ, ದಿನದಿನದ ಸ್ತೋತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು, ಮನೆ ಪ್ರಾರ್ಥನೆಯ ನಂತರ ಚಹಾ ಕುಡಿಯುತ್ತಾ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಜನ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಕಥೋಲಿಕರಿದ್ದಾರೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿದ್ದಾರೆ, ಬೇರೆ ಸಭೆಗಳವರೂ ಇದ್ದಾರೆ. ಎಲ್ಲ ಉತ್ತರಗಳ ಹಿಂದೆಯೂ ನನ್ನ ಒಂದು ನಂಬಿಕೆ ಇದೆ. ದೇವರ ಕೃಪೆ ಹೆಚ್ಚಿನ ಸಲ ಯಾರದೋ ಕೈಯಿಂದ ನಮ್ಮನ್ನು ತಲುಪುತ್ತದೆ. ಆ ಕೈಯನ್ನು ಕಾಣದೆ ಹೇಳಿದ ಸ್ತೋತ್ರ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಕೃಪೆ ಎಂದರೆ ರೋಗ ವಾಸಿಯಾಗುವುದು, ಕೆಲಸ ಸಿಗುವುದು, ಇಂಥ ದೊಡ್ಡ ಸಂಗತಿಗಳಲ್ಲವೇ? ಸಣ್ಣಪುಟ್ಟದ್ದನ್ನೂ ಕೃಪೆ ಎನ್ನಬಹುದೇ?

ಎನ್ನಲೇಬೇಕು. ಕ್ರೈಸ್ತರಿಗೆ ಕೃಪೆಯ ಮೂಲ ಯೇಸುಕ್ರಿಸ್ತನಲ್ಲಿ ದೊರೆತ ಕ್ಷಮೆ ಮತ್ತು ಹೊಸ ಜೀವ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬಿಸಿಲನ್ನೂ ಮಳೆಯನ್ನೂ ಕೊಡುವವನು ಅದೇ ತಂದೆ ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳುತ್ತಾನೆ (ಮತ್ತಾಯ 5:45). ನಾವು ಕೇಳದೆ ಬಂದದ್ದು, ನಮ್ಮ ಯೋಗ್ಯತೆ ನೋಡದೆ ಬಂದದ್ದು, ಎಲ್ಲವೂ ಕೃಪೆಯೇ.

ಇಸ್ರಾಯೇಲರಿಗೆ ಮರಳುಗಾಡಿನಲ್ಲಿ ದೇವರಿಂದ ಆಹಾರವಾಗಿ ಸಿಕ್ಕ ಮನ್ನವನ್ನು ನೆನೆಯಿರಿ. ಅಂದಂದಿನದು ಅಂದಂದಿಗೆ, ಆರನೆಯ ದಿನ ಮಾತ್ರ ಮರುದಿನದ ಸಬ್ಬತ್ತಿಗೂ, ಅಂದರೆ ವಿಶ್ರಾಂತಿಯ ದಿನಕ್ಕೂ ಸೇರಿಸಿ ಎರಡರಷ್ಟು. ಉಳಿದ ದಿನಗಳಲ್ಲಿ ನಾಳೆಗೆಂದು ಎತ್ತಿಟ್ಟದ್ದು ಹುಳುಬಿದ್ದು ನಾರಿತು (ವಿಮೋಚನಕಾಂಡ 16). ಮೊದಲ ದಿನ ಅವರು ಅದನ್ನು ನೋಡಿ ‘ಇದೇನು’ ಎಂದು ಬೆರಗಾದರು. ಆಮೇಲೆ ಅದೇ ಜನ ‘ಈ ಮನ್ನವನ್ನು ಬಿಟ್ಟರೆ ನಮ್ಮ ಕಣ್ಣಿಗೆ ಬೇರೇನೂ ಬೀಳುವುದಿಲ್ಲ’ ಎಂದು ಗೊಣಗಿ, ಐಗುಪ್ತದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಯನ್ನು ನೆನೆದು ಅತ್ತರು (ಅರಣ್ಯಕಾಂಡ 11). ಮನ್ನ ಬದಲಾಗಿರಲಿಲ್ಲ. ದಿನಾ ಬಂದದ್ದರಿಂದ ಅದು ಅವರ ಲೆಕ್ಕದಿಂದ ಬಿದ್ದುಹೋಯಿತು. ನಲ್ಲಿಯ ನೀರು ನಮ್ಮ ಗಮನಕ್ಕೆ ಬರುವುದು ಅದು ನಿಂತ ದಿನವೇ ಅಲ್ಲವೇ?

ಬೆಳಿಗ್ಗೆ ಬಸ್ ಹಿಡಿಯುವುದರಿಂದ ರಾತ್ರಿ ಮಲಗುವವರೆಗೆ ಓಟವೇ. ಗಮನಿಸುವುದಕ್ಕೆ ಹೊತ್ತೆಲ್ಲಿ?

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ. ಹತ್ತೂ ಜನ ಯೇಸುವಿನ ಮಾತು ನಂಬಿ ಯಾಜಕರ ಬಳಿಗೆ ಹೊರಟರು, ಹತ್ತೂ ಜನ ದಾರಿಯಲ್ಲಿ ಗುಣವಾದರು. ಅವರಲ್ಲಿ ಒಬ್ಬ, ಸಮಾರ್ಯದವನು, ತನಗೆ ಗುಣವಾದದ್ದನ್ನು ನೋಡಿ ಹಿಂದಕ್ಕೆ ಬಂದ. ಉಳಿದವರು ಕೆಟ್ಟವರೇನೂ ಅಲ್ಲ. ಹೇಳಿದ ಕೆಲಸಕ್ಕೆ ಅವಸರದಲ್ಲಿ ಹೋಗುತ್ತಿದ್ದರು. ನಮ್ಮಲ್ಲಿ ಬಹಳ ಜನ ಆ ಒಂಬತ್ತರ ಸಾಲಿನವರು. ಅವಿಶ್ವಾಸಿಗಳಲ್ಲ, ನಿಲ್ಲದೆ ನಡೆಯುವವರು.

ಆದ್ದರಿಂದ ದಿನದಲ್ಲಿ ಒಂದು ಕಡೆ ನಿಲ್ಲುವ ಜಾಗ ಬೇಕು. ಸಂತ ಇಗ್ನೇಷಿಯಸ್ ಲೊಯೋಲ (1491–1556) ಕಲಿಸಿಕೊಟ್ಟ ಸಂಜೆಯ ಆತ್ಮಶೋಧನೆ ಇದಕ್ಕೆ ತುಂಬಾ ಒದಗುತ್ತದೆ. ಅದರಲ್ಲಿ ಐದು ಹೆಜ್ಜೆಗಳಿವೆ. ಮೊದಲು ಪಡೆದ ಉಪಕಾರಗಳಿಗೆ ದೇವರಿಗೆ ವಂದನೆ. ನಂತರ ತನ್ನನ್ನು ಸರಿಯಾಗಿ ಕಾಣಲು ಬೆಳಕಿಗಾಗಿ ಬೇಡಿಕೆ. ಆಮೇಲೆ ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳುವ ನಿರ್ಧಾರ. ತಪ್ಪುಗಳ ಪಟ್ಟಿಗಿಂತ ಮೊದಲು ಉಪಕಾರಗಳ ಪಟ್ಟಿ ಬರುತ್ತದೆ ಎಂಬುದನ್ನು ನೋಡಿ. 1542ರಲ್ಲಿ ಸಂಗಡಿಗ ಸಿಮಾವ್ ರೊಡ್ರಿಗಸ್‌ಗೆ ಬರೆದ ಪತ್ರದಲ್ಲಿ ಇಗ್ನೇಷಿಯಸ್ ಕೃತಘ್ನತೆಯನ್ನು ಎಲ್ಲ ಪಾಪಗಳ ಬೇರು ಎಂದೇ ಕಂಡಿದ್ದಾರೆ. ಇದು ಕಥೋಲಿಕರ ಪದ್ಧತಿ ಎಂದು ಪ್ರೊಟೆಸ್ಟೆಂಟರು ದೂರ ಇಡಬೇಕಾಗಿಲ್ಲ. ಇದರಲ್ಲಿ ಕೀರ್ತನೆಗಾರನಿಗೆ ಅಪರಿಚಿತವಾದದ್ದು ಏನೂ ಇಲ್ಲ.

ಹತ್ತು ನಿಮಿಷ ಸಾಕು. ಒಂದೇ ಒಂದು ನಿಯಮವನ್ನು ಮಾತ್ರ ನಾನು ಬಿಡುವುದಿಲ್ಲ: ಹೆಸರು ಹಿಡಿದು ಹೇಳಬೇಕು. ‘ಎಲ್ಲಾ ಆಶೀರ್ವಾದಗಳಿಗಾಗಿ ಸ್ತೋತ್ರ’ ಎಂದರೆ ನಾಲಿಗೆಗೆ ಸುಲಭ, ಮನಸ್ಸು ಅಷ್ಟರಲ್ಲಿ ನಿದ್ದೆಗೆ ಜಾರಿರುತ್ತದೆ. ‘ಓಡಿಬರುತ್ತಿದ್ದ ನನ್ನನ್ನು ಕಂಡು ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದನಲ್ಲ, ಕರ್ತನೇ, ಅವನಿಗಾಗಿ ಸ್ತೋತ್ರ’ ಎಂದು ಹೇಳಿ ನೋಡಿ. ಬೆಳಗಿನ ಆ ಗಳಿಗೆ ಪೂರ್ತಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ. ಬಾಗಿಲ ಕಂಬಿ ಹಿಡಿದ ಕೈ, ಮುಂದಿನ ಸೀಟಿನ ಹೆಂಗಸು ಕೇಳದೆಯೇ ಈಸಿಕೊಂಡು ಮಡಿಲಲ್ಲಿ ಇಟ್ಟುಕೊಂಡ ನಿಮ್ಮ ಊಟದ ಚೀಲ. ಆಗ ಆ ಹೆಂಗಸಿಗೂ ಒಂದು ಸ್ತೋತ್ರ ಬರುತ್ತದೆ, ನೀವು ಯೋಚಿಸಿಯೇ ಇರದದ್ದು.

ನಾನು ದುಡಿದು ಉಣ್ಣುತ್ತೇನೆ. ಅದಕ್ಕೂ ದೇವರಿಗೆ ವಂದನೆ ಏಕೆ?

‘ನನ್ನ ಸಾಮರ್ಥ್ಯ, ನನ್ನ ಭುಜಬಲ ಇದನ್ನೆಲ್ಲ ಸಂಪಾದಿಸಿತು’ ಎಂದು ಮನಸ್ಸಿನಲ್ಲಿ ಅಂದುಕೊಳ್ಳಬೇಡ, ದುಡಿಯುವ ಶಕ್ತಿ ಕೊಟ್ಟವನು ದೇವರೇ ಎಂದು ಧರ್ಮೋಪದೇಶಕಾಂಡ 8 ಎಚ್ಚರಿಸುತ್ತದೆ. ದುಡಿಮೆಯನ್ನು ಅದು ಹಗುರ ಮಾಡುವುದಿಲ್ಲ. ಶಾಲೆಗೆ ಕಳಿಸಿದವರು, ಕೆಲಸ ಕಲಿಸಿದ ಮೇಸ್ತ್ರಿ, ನೆಟ್ಟಗೆ ನಿಲ್ಲುವ ಬೆನ್ನು, ಇವುಗಳಲ್ಲಿ ಯಾವುದನ್ನೂ ನಾವು ಸಂಬಳ ಕೊಟ್ಟು ತಂದದ್ದಲ್ಲ.

ಊಟದ ಮುಂಚಿನ ಪ್ರಾರ್ಥನೆ ನಮ್ಮ ಮನೆಯಲ್ಲಿ ಬರೀ ಬಾಯಿಪಾಠವಾಗಿದೆ. ಬಿಟ್ಟುಬಿಡುವುದು ಒಳ್ಳೆಯದೇ?

ಬಿಡಬೇಡಿ. ಬಾಯಿಪಾಠ ಒಂದು ಆಸರೆ. ಮನಸ್ಸು ಬತ್ತಿದ ದಿನವೂ ಅದು ನಮ್ಮನ್ನು ತಟ್ಟೆಯ ಮುಂದೆ ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಯೇಸುವೂ ರೊಟ್ಟಿಯನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಸ್ತೋತ್ರ ಮಾಡಿದ. ಐದು ಸಾವಿರ ಜನರ ಮುಂದೆ ಇದ್ದದ್ದು ಐದು ಜವೆಗೋದಿಯ ರೊಟ್ಟಿ, ಎರಡು ಮೀನು. ಸ್ತೋತ್ರ ಬಂದದ್ದು ಅವು ಸಾಲದಾಗಿದ್ದಾಗಲೇ, ಹೆಚ್ಚಿದ ಮೇಲೆ ಅಲ್ಲ (ಯೋಹಾನ 6). ಅವನನ್ನು ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿಯಲ್ಲೂ ಅದೇ ಕ್ರಮ. ಪರಮಪ್ರಸಾದದಲ್ಲಿ, ಕರ್ತನ ಭೋಜನದಲ್ಲಿ ಸಭೆ ಇಂದಿಗೂ ಮಾಡುವುದು ಅದನ್ನೇ.

ಒಂದು ಬದಲಾವಣೆ ಮಾಡಿ ನೋಡಬಹುದು. ‘ನೀನು ಉಂಡು ತೃಪ್ತನಾದಾಗ ನಿನ್ನ ದೇವರನ್ನು ಕೊಂಡಾಡಬೇಕು’ ಎಂಬುದು ಮೋಶೆ ಕೊಟ್ಟ ಅಪ್ಪಣೆ. ಯೆಹೂದ್ಯರು ಇಂದಿಗೂ ಊಟವಾದ ಮೇಲೆ ದೀರ್ಘವಾಗಿ ವಂದಿಸುತ್ತಾರೆ. ಊಟಕ್ಕೆ ಮುಂಚೆ ರೂಢಿಯ ಪ್ರಾರ್ಥನೆ ಇರಲಿ, ಊಟವಾದ ಮೇಲೆ, ಕೈ ತೊಳೆಯುವ ಮುಂಚೆ, ಒಬ್ಬೊಬ್ಬರೂ ಒಂದು ಮಾತು ಹೇಳಲಿ. ಅಡುಗೆ ಮಾಡಿದವರ ಹೆಸರು ಅದರಲ್ಲಿ ಬರಲೇಬೇಕು. ಒಲೆಯ ಮುಂದೆ ಎರಡು ಗಂಟೆ ನಿಂತವಳನ್ನು ಬಿಟ್ಟು ನೇರವಾಗಿ ಪರಲೋಕಕ್ಕೆ ವಂದನೆ ಹೇಳುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ನನಗೆ ಅದು ನೋವು ಕೊಡುತ್ತದೆ.

ಮನುಷ್ಯರಿಗೆ ಕೃತಜ್ಞತೆ ಹೇಳಿದರೆ ದೇವರಿಗೆ ಸಲ್ಲಬೇಕಾದ ಮಹಿಮೆ ಕಡಿಮೆಯಾಗುವುದಿಲ್ಲವೇ?

ಪೌಲನನ್ನು ಕೇಳಿ. ಬೈಬಲಿನಲ್ಲಿ ಕೃಪೆಯ ಬಗ್ಗೆ ಅವನಷ್ಟು ಬರೆದವರಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಅವನು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹೆಸರಾಗಿ ನೆನೆಯುತ್ತಾನೆ. ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆ ತನಗೂ ಅನೇಕರಿಗೂ ಆಸರೆಯಾದಳು ಎನ್ನುತ್ತಾನೆ. ಪ್ರಿಸ್ಕ ಮತ್ತು ಅಕ್ವಿಲ ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರು, ಅವರಿಗೆ ತಾನು ಮಾತ್ರವಲ್ಲ, ಅನ್ಯಜನರ ಸಭೆಗಳೆಲ್ಲವೂ ಕೃತಜ್ಞವಾಗಿವೆ ಎನ್ನುತ್ತಾನೆ. ರೂಫನ ತಾಯಿ ತನಗೂ ತಾಯಿಯಂತಿದ್ದಳು ಎನ್ನುತ್ತಾನೆ. ಆ ಹೆಂಗಸು ಪೌಲನಿಗೆ ಎಂದೋ ಒಂದು ದಿನ ಬಿಸಿ ಊಟ ಬಡಿಸಿರಬೇಕು, ಜ್ವರದಲ್ಲಿ ಹಣೆ ಮುಟ್ಟಿ ನೋಡಿರಬೇಕು ಎಂದು ನಾನು ಊಹಿಸುತ್ತೇನೆ. ಅವಳ ಹೆಸರೂ ನಮಗೆ ತಿಳಿಯದು, ಉಪಕಾರ ಮಾತ್ರ ಸುಮಾರು ಎರಡು ಸಾವಿರ ವರ್ಷಗಳಿಂದ ಓದಿಸಿಕೊಳ್ಳುತ್ತಿದೆ.

ನಮ್ಮ ಮನೆಗಳಲ್ಲಿ ಅಪ್ಪ ಅಮ್ಮನಿಗೆ, ಹೆಂಡತಿಗೆ, ತಮ್ಮನಿಗೆ ಬಾಯಿಬಿಟ್ಟು ವಂದನೆ ಹೇಳುವ ರೂಢಿ ಕಡಿಮೆ. ಹೇಳಿದರೆ ‘ಏನು, ನಾವೇನು ಹೊರಗಿನವರೇ?’ ಎಂದು ಮುನಿಸಿಕೊಳ್ಳುವುದೂ ಉಂಟು. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಬೇರೆ ದಾರಿ ಹಿಡಿಯಿರಿ: ‘ಇವತ್ತಿನ ಸಾರು ಚೆನ್ನಾಗಿತ್ತಮ್ಮಾ’, ‘ನೀನು ಬ್ಯಾಂಕಿಗೆ ಹೋಗಿ ಬಂದದ್ದರಿಂದ ನನಗೆ ಅರ್ಧ ದಿನ ಉಳಿಯಿತು ಕಣೋ’. ಕಂಡದ್ದನ್ನು ಕಂಡೆ ಎಂದು ಹೇಳಿದರೆ ಸಾಕು, ಯಾರೂ ಮುನಿಸಿಕೊಳ್ಳುವುದಿಲ್ಲ.

‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ’ ಎಂದಿದೆ. ಹಾಗಾದರೆ ಕ್ಯಾನ್ಸರಿಗೂ, ಮಗುವಿನ ಸಾವಿಗೂ ಸ್ತೋತ್ರ ಹೇಳಬೇಕೇ?

ಈ ಪ್ರಶ್ನೆ ಕೇಳುವವರ ಕಣ್ಣು ತುಂಬಿರುತ್ತದೆ. ಆದ್ದರಿಂದ ನೇರವಾಗಿ ಹೇಳುತ್ತೇನೆ: ಬೇಡ. ಪೌಲನು ಥೆಸಲೋನಿಕದವರಿಗೆ ಬರೆದದ್ದು (1 ಥೆಸಲೋನಿಕ 5:18) ಎಲ್ಲ ಸ್ಥಿತಿಗಳ ಒಳಗೂ ದೇವರ ಕಡೆಗೆ ತಿರುಗಿರಿ ಎಂದು. ಕೇಡನ್ನು ಒಳ್ಳೆಯದು ಎಂದು ಕರೆಯಿರಿ ಎಂದಲ್ಲ. ಲಾಜರನ ಸಮಾಧಿಯ ಮುಂದೆ ಯೇಸು ಅತ್ತ. ಅಲ್ಲೇ ತಂದೆಗೆ ಸ್ತೋತ್ರವನ್ನೂ ಹೇಳಿದ, ‘ನೀನು ನನ್ನ ಮಾತು ಕೇಳಿದ್ದೀ’ ಎಂದು. ಮರಣಕ್ಕೆ ಅವನು ಸ್ತೋತ್ರ ಹೇಳಲಿಲ್ಲ.

ಬೈಬಲಿನಲ್ಲಿ 88ನೆಯ ಕೀರ್ತನೆ ಇದೆ. ಮೊದಲಿಂದ ಕೊನೆಯವರೆಗೂ ಕತ್ತಲು, ಒಂದು ಸಾಲಿನ ಕೃತಜ್ಞತೆಯೂ ಅದರಲ್ಲಿಲ್ಲ. ಆದರೂ ಸಭೆ ಅದನ್ನು ಪ್ರಾರ್ಥನೆ ಎಂದೇ ಒಪ್ಪಿಕೊಂಡಿದೆ. ಹಬಕ್ಕೂಕನ ಕೊನೆಯ ಅಧ್ಯಾಯವನ್ನೂ ಓದಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲವಾದರೂ ನಾನು ದೇವರಲ್ಲಿ ಉಲ್ಲಾಸಿಸುವೆ ಎನ್ನುತ್ತಾನೆ. ಬರಗಾಲ ಕಂಡ ಉತ್ತರ ಕರ್ನಾಟಕದ ರೈತನಿಗೆ ಈ ಪಟ್ಟಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಷ್ಟವನ್ನು ಒಂದೊಂದಾಗಿ ಎಣಿಸಿಯೇ ಪ್ರವಾದಿ ಆ ಮಾತಿಗೆ ಬರುತ್ತಾನೆ.

ಜರ್ಮನಿಯ ಐಲೆನ್‌ಬುರ್ಗ್ ಪಟ್ಟಣದ ಪಾಲಕ ಮಾರ್ಟಿನ್ ರಿಂಕಾರ್ಟ್ ಮೂವತ್ತು ವರ್ಷಗಳ ಯುದ್ಧದ ಕಾಲದವರು. 1637ರ ಪ್ಲೇಗಿನಲ್ಲಿ ಅವರು ಸಾವಿರಾರು ಜನರ ಶವಸಂಸ್ಕಾರ ಮಾಡಿದರು. ಸತ್ತವರಲ್ಲಿ ಅವರ ಹೆಂಡತಿಯೂ ಇದ್ದರು. ಅದೇ ದಶಕದಲ್ಲಿ ಮನೆಯ ಊಟದ ಹೊತ್ತಿಗೆಂದು ಅವರು ಬರೆದ ವಂದನೆಯ ಪ್ರಾರ್ಥನೆ ಇಂದು ಲೋಕದ ಎಲ್ಲೆಡೆ ಸಭೆಗಳು ಹಾಡುವ ಗೀತೆಯಾಗಿದೆ. ನಮ್ಮ ಕರಾವಳಿ ಮತ್ತು ಧಾರವಾಡದ ಕಡೆಯ ಸಭೆಗಳಲ್ಲಿ ಜರ್ಮನ್ ರಾಗಗಳು ಕೇಳಿಸುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರಿಂದ. ಆ ನಿಧಾನದ ರಾಗಗಳನ್ನು ಹಾಡುವಾಗ ಅವುಗಳ ಹಿಂದೆ ಇಂಥ ಮನೆಗಳೂ ಇದ್ದವು ಎಂದು ನೆನೆಯುವುದು ಒಳ್ಳೆಯದು.

ದುಃಖದಲ್ಲಿರುವವರಿಗೆ ‘ಸ್ತೋತ್ರ ಹೇಳಿ, ಎಲ್ಲ ಸರಿಹೋಗುತ್ತದೆ’ ಎಂದು ಧೈರ್ಯ ಹೇಳಬಹುದೇ?

ದಯವಿಟ್ಟು ಬೇಡ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು; ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಒಂದು ರಾತ್ರಿ ನೀವು ಕಾಯುತ್ತೇವೆಂದು ಹೇಳಿ ಮನೆಯವರನ್ನು ಮಲಗಲು ಕಳಿಸಿ. ಸ್ತೋತ್ರ ಅವರ ಬಾಯಿಂದ ಬರುವ ದಿನ ತಾನಾಗಿ ಬರುತ್ತದೆ.

ಹರಕೆ ತೀರಿಸಿದರೆ ಅದೇ ಕೃತಜ್ಞತೆಯಲ್ಲವೇ?

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಕ್ಕೆ ಜನವರಿಯ ಜಾತ್ರೆಯಲ್ಲಿ ಹೋದವರಿಗೆ ಗೊತ್ತು. ಮೇಣದ ಬತ್ತಿ ಹಿಡಿದ ಸಾಲಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರಗಳಂದೂ ಹಾಗೆಯೇ. ಸಿಕ್ಕಿದ ಮೇಲೆ ಮರೆಯದೆ ಹಿಂತಿರುಗಿ ಬಂದ ಆ ಜನರಲ್ಲಿ ನನಗೆ ಹಿಂದಕ್ಕೆ ಬಂದ ಸಮಾರ್ಯದವನೇ ಕಾಣುತ್ತಾನೆ. ಅವರನ್ನು ಹಗುರವಾಗಿ ನೋಡುವುದು ಸಲ್ಲ. 116ನೆಯ ಕೀರ್ತನೆಯಲ್ಲೂ ಹರಕೆ ಸಲ್ಲಿಸುವ ಮಾತಿದೆ.

ಆದರೆ ಹರಕೆ ಕೇಳಿದ್ದಕ್ಕೆ ಉತ್ತರ. ಕೇಳದೆಯೇ ಸಿಕ್ಕದ್ದರ ಲೆಕ್ಕ ಅದರಲ್ಲಿ ಬರುವುದಿಲ್ಲ. ದೇವರೊಡನೆ ಕೊಡು-ಕೊಳ್ಳುವ ಕರಾರು ಎಂಬ ಭಾವ ಸೇರಿಕೊಂಡರೆ, ಕೇಳಿದ್ದು ಸಿಗದ ದಿನ ನಂಬಿಕೆಯೇ ಮುರಿದುಬೀಳುತ್ತದೆ. ಹರಕೆ ತೀರಿಸಿ, ಜೊತೆಗೆ ಕೇಳದೆ ಬಂದದ್ದನ್ನೂ ಅದೇ ಸಾಲಿನಲ್ಲಿ ನಿಂತು ನೆನೆಯಿರಿ.

ಮೊಂತಿ ಹಬ್ಬ, ಬೆಳೆಯ ಹಬ್ಬ ಎಲ್ಲ ಹೊಲಗದ್ದೆ ಇದ್ದವರಿಗೆ. ನಗರದಲ್ಲಿರುವ ನಮಗೆ ಅವುಗಳಿಂದ ಏನು?

ಬಹಳ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೆಪ್ಟೆಂಬರ್ 8, ಮಾತೆ ಮರಿಯಳ ಜನನದ ಹಬ್ಬ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಥೋಲಿಕರಿಗೆ ಅದೇ ಮೊಂತಿ ಹಬ್ಬ, ಅದೇ ತೆನೆ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬಾ ಹೂವು ತಂದು ಬಾಲ ಮರಿಯಳ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಗುರುಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕೆಲವು ಕಾಳು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಪ್ರಾರ್ಥಿಸಿ ಎಲ್ಲರಿಗೂ ಕೊಡುತ್ತಾರೆ. ಮೀನು ಮಾಂಸ ಇಲ್ಲದ ಊಟ, ಬಾಳೆಲೆಯ ಮೇಲೆ. ದುಬೈ, ಮುಂಬೈಯಲ್ಲಿರುವ ಮಕ್ಕಳಿಗೂ ಒಂದೆರಡು ಒಣ ತೆನೆ ಅಂಚೆಯಲ್ಲಿ ಹೋಗುತ್ತದೆ. ಗದ್ದೆ ಮಾರಿ ಎಷ್ಟೋ ವರ್ಷವಾದ ಮನೆಗಳಲ್ಲೂ ಈ ಕಾಳು ನಿಂತಿಲ್ಲ. ಅನ್ನಕ್ಕೆ ಮೊದಲು ಭತ್ತ, ಭತ್ತಕ್ಕೆ ಮೊದಲು ಕೆಸರು, ಕೆಸರಿನಲ್ಲಿ ಬಗ್ಗಿ ನಿಂತ ಯಾರೋ ಇದ್ದಾರೆ ಎಂದು ಅಂಗಡಿಯ ಚೀಲದ ಅಕ್ಕಿ ನೆನಪಿಸುವುದಿಲ್ಲ; ತೆನೆ ನೆನಪಿಸುತ್ತದೆ.

ಸಿ.ಎಸ್.ಐ. ಸಭೆಗಳ ಬೆಳೆಯ ಹಬ್ಬದಲ್ಲಿ ವೇದಿಕೆಯ ಮುಂದೆ ಕುಂಬಳಕಾಯಿ, ಬಾಳೆಗೊನೆ, ಜೋಳದ ತೆನೆ, ಕಾಲು ಕಟ್ಟಿದ ಕೋಳಿ, ಮನೆಯಲ್ಲಿ ಮಾಡಿದ ಕೇಕು ಎಲ್ಲ ಸಾಲಾಗಿ ಕೂರುತ್ತವೆ. ಆರಾಧನೆಯ ನಂತರ ಹರಾಜು. ಒಮ್ಮೆ ಒಬ್ಬ ಅಜ್ಜಿ ಸೆರಗಿನ ತುದಿಯಲ್ಲಿ ಕಟ್ಟಿ ತಂದ ಮೂರು ಮೊಟ್ಟೆಗಳನ್ನು ನೋಡಿದೆ. ಒಂದಕ್ಕೆ ಗೊಬ್ಬರದ ಕಲೆ ಇನ್ನೂ ಅಂಟಿತ್ತು. ಹರಾಜು ಕೂಗುವವನು ಅವನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಇಪ್ಪತ್ತು ರೂಪಾಯಿಯಿಂದ ಹೊರಟ ಬೆಲೆ ಐನೂರು ದಾಟಿತು. ಕೊಂಡವನು ಅವನ್ನು ಮತ್ತೆ ಸಭೆಗೇ ಕೊಟ್ಟ, ಮತ್ತೊಮ್ಮೆ ಹರಾಜಾಯಿತು. ಅಜ್ಜಿ ಬೆಲೆಯ ಕಡೆ ಲಕ್ಷ್ಯವೇ ಕೊಡದೆ, ಪಕ್ಕದವಳಿಗೆ ಆ ಕೋಳಿ ಕಾಯಿಲೆ ಬಿದ್ದು ಉಳಿದ ಕಥೆ ಹೇಳುತ್ತಿದ್ದಳು. ಆ ಕೋಳಿ ಬದುಕಿ ಉಳಿದದ್ದೇ ಅವಳ ಪಾಲಿಗೆ ಬಂದ ಕೃಪೆ.

ನಿಮಗೆ ಹೊಲ ಇಲ್ಲದಿದ್ದರೆ ನಿಮ್ಮ ಕೈಯ ಕೆಲಸದ ಮೊದಲ ಫಲ ತನ್ನಿ: ಹೊಸ ಕೆಲಸದ ಮೊದಲ ಸಂಬಳದ ಪಾಲು, ನೀವು ಹೊಲಿದ ಬಟ್ಟೆ, ಬಾಲ್ಕನಿಯ ಕುಂಡದಲ್ಲಿ ಬಂದ ನಾಲ್ಕು ಮೆಣಸಿನಕಾಯಿ. ತಂದು ಹಂಚಿ. ಯಾಜಕಕಾಂಡ 7ರಲ್ಲಿ ಕೃತಜ್ಞತೆಯ ಯಜ್ಞಕ್ಕೆ ಒಂದು ನಿಯಮವಿದೆ: ಅದರ ಮಾಂಸವನ್ನು ಅದೇ ದಿನ ಉಣ್ಣಬೇಕು, ಬೆಳಗಿನ ತನಕ ಏನೂ ಉಳಿಯಬಾರದು. ಒಂದಿಡೀ ಪ್ರಾಣಿಯನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸುವುದು ಹೇಗೆ? ನೆರೆಹೊರೆಯವರನ್ನು ಕರೆಯಲೇಬೇಕು.

ಸಭೆಯಲ್ಲಿ ಸಾಕ್ಷಿ ಹೇಳುವಾಗ ಅದು ಬಡಾಯಿಯಾಗದಂತೆ ಹೇಗೆ ನೋಡಿಕೊಳ್ಳಲಿ?

ಲೂಕ 18ರ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ, ‘ದೇವರೇ, ನಾನು ಉಳಿದವರಂತೆ ಅಲ್ಲದ್ದಕ್ಕೆ ನಿನಗೆ ಸ್ತೋತ್ರ’. ನಿಮ್ಮ ಸಾಕ್ಷಿ ಕೇಳಿದವರಿಗೆ ತಾವು ಕಡಿಮೆಯವರು ಎನಿಸಿದರೆ ಏನೋ ತಪ್ಪಿದೆ. ಮನೆ ಕಟ್ಟಿದ್ದು, ಮಗನಿಗೆ ವಿದೇಶದಲ್ಲಿ ಕೆಲಸ ಸಿಕ್ಕಿದ್ದು ಹೇಳಬೇಡಿ ಎಂದಲ್ಲ. ಜೊತೆಗೆ ಸಾಲ ಕೊಟ್ಟವರು, ಶಿಫಾರಸು ಮಾಡಿದವರು, ಪಾಠ ಹೇಳಿದ ಮೇಷ್ಟ್ರು ಯಾರು ಎಂದೂ ಹೇಳಿ. ಬಡಾಯಿ ಅಲ್ಲಿಗೇ ಇಳಿದುಹೋಗುತ್ತದೆ.

‘ಇದ್ದದ್ದರಲ್ಲಿ ತೃಪ್ತರಾಗಿ, ಕೃತಜ್ಞರಾಗಿರಿ’ ಎಂದು ಹೇಳಿ ಬಡವರ ಬಾಯಿ ಮುಚ್ಚಿಸುವುದು ಸರಿಯೇ?

ಸರಿಯಲ್ಲ. ಕೂಲಿ ಹಿಡಿದುಕೊಂಡ ಧಣಿಗಳಿಗೆ ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹೇಳುವುದು ಇದು: ನೀವು ಕೊಡದೆ ಇಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತಿದೆ, ಕೊಯ್ದವರ ಕೂಗು ಕರ್ತನ ಕಿವಿಗೆ ಬಿದ್ದಿದೆ. ಆಮೋಸನ ಕಾಲದಲ್ಲೂ ಸಿರಿವಂತರು ಬಡವರನ್ನು ತುಳಿಯುತ್ತಲೇ ಕೃತಜ್ಞತೆಯ ಯಜ್ಞಗಳನ್ನು ಅಬ್ಬರದಿಂದ ಅರ್ಪಿಸುತ್ತಿದ್ದರು. ದೇವರು ಅದನ್ನು ಸಹಿಸಲಿಲ್ಲ. ಮನೆಗೆಲಸದವಳ ಸಂಬಳ ಹತ್ತು ದಿನ ತಡಮಾಡಿ, ಭಾನುವಾರ ಕೃತಜ್ಞತಾ ಕಾಣಿಕೆಯ ಲಕೋಟೆ ಹಾಕುವುದಕ್ಕಿಂತ, ಶನಿವಾರವೇ ಅವಳ ಕೈಗೆ ಹಣ ಕೊಡಿ.

ನನಗೆ ಏನೂ ಅನಿಸುವುದೇ ಇಲ್ಲ. ಸ್ತೋತ್ರ ಹೇಳಿದರೆ ಕಪಟವಾಗುವುದಿಲ್ಲವೇ?

103ನೆಯ ಕೀರ್ತನೆಯಲ್ಲಿ ದಾವೀದನು ಮೊದಲು ಮಾತಾಡುವುದು ದೇವರೊಡನೆ ಅಲ್ಲ, ತನ್ನ ಮನದೊಡನೆ: ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ಅದಕ್ಕೆ ಬುದ್ಧಿ ಹೇಳುತ್ತಾನೆ. ಮನ ತಾನಾಗಿ ಹಾಡುತ್ತಿದ್ದರೆ ಹಾಗೆ ಎಬ್ಬಿಸಬೇಕಾಗಿರಲಿಲ್ಲ. ಆದ್ದರಿಂದ ಅನಿಸದಿದ್ದರೂ ಹೇಳುವುದು ಕಪಟವಲ್ಲ. ಆದರೆ ವಾರಗಟ್ಟಲೆ ನಿದ್ದೆ, ಊಟ, ಮಾತು ಯಾವುದೂ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಿರಿ. ಖಿನ್ನತೆ ಕಾಯಿಲೆ, ಕೃತಜ್ಞತೆಯ ಕೊರತೆಯಲ್ಲ. ಮದ್ದೂ ವೈದ್ಯರೂ ಕೃಪೆಯ ಕೈಗಳೇ.

ಮಕ್ಕಳಿಗೆ ಕಲಿಸುವುದು ಹೇಗೆ?

‘ಥ್ಯಾಂಕ್ಸ್ ಹೇಳು’ ಎಂದು ಗದರಿಸಿ ಅಲ್ಲ. ನೀವು ಹೇಳುವುದನ್ನು ಅವರು ಕೇಳಬೇಕು, ಅದರಲ್ಲೂ ಕಸ ಒಯ್ಯುವವರಿಗೆ, ಕಾವಲುಗಾರನಿಗೆ, ಆಟೋದವರಿಗೆ ಹೇಳುವುದನ್ನು. ಆರೇಳು ವರ್ಷದ ಮಗು ಸಂಜೆಯ ಪ್ರಾರ್ಥನೆಯಲ್ಲಿ ನಾಯಿಮರಿಗೋ ಪೆನ್ಸಿಲ್ ಕೊಟ್ಟ ಗೆಳೆಯನಿಗೋ ಸ್ತೋತ್ರ ಹೇಳಿದರೆ ತಿದ್ದಬೇಡಿ, ‘ಆಮೆನ್’ ಎನ್ನಿ.

ಉಪಕಾರ ಮಾಡಿದವರು ತೀರಿಕೊಂಡಿದ್ದಾರೆ, ಅವರಿದ್ದಾಗ ಒಂದು ಮಾತೂ ಹೇಳಲಿಲ್ಲ. ಈಗೇನು ಮಾಡಲಿ?

ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುತ್ತಾರೆ. ಆ ದಿನ ಅವರ ಹೆಸರು ಹೇಳಿ ದೇವರಿಗೆ ವಂದಿಸಿ. ಬೇರೆ ಸಭೆಯವರಾದರೆ ನಿಮ್ಮ ಮನೆಯ ಪ್ರಾರ್ಥನೆಯಲ್ಲೇ ಅವರಿಗಾಗಿ ದೇವರಿಗೆ ಸ್ತೋತ್ರ ಮಾಡಿ. ಆಮೇಲೆ ಅವರ ಮಕ್ಕಳ ಬಳಿಗೆ ಹೋಗಿ. ‘ನನ್ನ ಪರೀಕ್ಷೆಯ ಶುಲ್ಕ ಕಟ್ಟಿದ್ದು ನಿಮ್ಮ ತಂದೆ, ನಿಮಗೆ ಗೊತ್ತಿರಲಿಕ್ಕಿಲ್ಲ’ ಎಂದು ಹೇಳಿ. ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಫೋನಿನಲ್ಲಿ ಮುಗಿಸಬೇಡಿ, ಸಾಧ್ಯವಾದರೆ ಹೋಗಿ ಕುಳಿತು ಹೇಳಿ, ಅವರು ಕೇಳುವಷ್ಟು ಹೊತ್ತು ಇರಿ.